ನಿಂತ ಕೆಲಸಕ್ಕೆ ಲೆಕ್ಕ ಇದೆ, ಕುಂಟಿದ ಕೆಲಸಕ್ಕೆ ಯಾಕಿಲ್ಲ?

ಇವರಿಗೆ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಸರ್ಕಾರಿ ಕಟ್ಟಡ ಕಟ್ಟಿಸುವ ಎಲ್ಲ ಇಲಾಖೆಗಳ ಕಾರ್ಯಪಾಲಕ ಎಂಜಿನಿಯರ್‌ಗಳಿಗೆ

ಮಾನ್ಯರೇ,

ನಮಸ್ಕಾರ. ನಾನು ದಾವಣಗೆರೆಯವನು. 26 ವರ್ಷದಿಂದ ಗಾರೆ ಕೆಲಸದಲ್ಲಿದ್ದೇನೆ. ಮೊದಲು ಆಳಾಗಿದ್ದೆ, ಆಮೇಲೆ ಕರಣೆ ಹಿಡಿದೆ, ಮೇಸ್ತ್ರಿಯಾದೆ. ಈಗ 11 ವರ್ಷದಿಂದ ಲೇಬರ್ ಗುತ್ತಿಗೆ ಮಾಡುತ್ತಿದ್ದೇನೆ. ಟೆಂಡರ್ ಹಿಡಿಯುವವರು ದೊಡ್ಡ ಗುತ್ತಿಗೆದಾರರು. ಇಟ್ಟಿಗೆ, ಸಿಮೆಂಟ್, ಮರಳು ಅವರದು, ಜನ ನನ್ನವರು. ಗೋಡೆ ಎಷ್ಟು ಘನ ಮೀಟರ್ ಎದ್ದಿತೋ ಅಷ್ಟಕ್ಕೆ ನನಗೆ ಹಣ ಸಿಗುತ್ತದೆ. ಆದರೆ ನನ್ನ ಜನಕ್ಕೆ ನಾನು ಕೊಡುವುದು ದಿನಗೂಲಿ. ಗೋಡೆ ಎದ್ದಿರಲಿ ಬಿಡಲಿ, ಶನಿವಾರ ಸಂಜೆ ಬಟವಾಡೆ ಆಗಲೇಬೇಕು.

ಈ ಪತ್ರದಲ್ಲಿ ಯಾವ ಇಲಾಖೆ, ಯಾವ ಗುತ್ತಿಗೆದಾರ ಅಂತ ಹೆಸರು ಬರೆಯುವುದಿಲ್ಲ. ಅವರ ಜೊತೆ ನಾನು ಇನ್ನೂ ಕೆಲಸ ಮಾಡಬೇಕು. ಮತ್ತೆ ಇದು ಅವರೊಬ್ಬರ ವಿಷಯ ಅಲ್ಲ. ನಾನು ಕೆಲಸ ಮಾಡಿದ ಸೈಟ್‌ಗಳಲ್ಲೆಲ್ಲ ಹೆಚ್ಚುಕಮ್ಮಿ ಇದೇ ರೀತಿ ನಡೆದಿದೆ. ತಡವಾದಾಗ ಜನರ ದುಡಿಮೆಯ ನಷ್ಟವನ್ನು ಯಾರೂ ಅಳೆಯುವುದಿಲ್ಲ. ಒಬ್ಬರು ಬಾಯಿಗೆ ಬಂದಷ್ಟು ಕೇಳುತ್ತಾರೆ, ಇನ್ನೊಬ್ಬರು ಸೊನ್ನೆ ಬರೆಯುತ್ತಾರೆ. ನನ್ನ ಕಣ್ಣೆದುರು ಆದ ಒಂದನ್ನು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಊರ ಹೊರಗೆ ಒಂದು ಸರ್ಕಾರಿ ಕಟ್ಟಡ. ನೆಲಮಹಡಿ, ಅದರ ಮೇಲೆ ಮೊದಲ ಮಹಡಿ. ಇಟ್ಟಿಗೆ ಗೋಡೆ ನನ್ನ ಪಾಲಿಗೆ ಬಂತು. 6 ಜನ ಗಾರೆಯವರು, 9 ಜನ ಆಳು, ಒಟ್ಟು 15 ಜನ. ದಿನಕ್ಕೆ 8 ಗಂಟೆ. ಡಿಸೆಂಬರ್‌ನಲ್ಲಿ ನೆಲಮಹಡಿ ಶುರು ಮಾಡಿದೆವು. ಯಾರ ಅಡ್ಡಿಯೂ ಇರಲಿಲ್ಲ. 18 ದಿನದಲ್ಲಿ 120 ಘನ ಮೀಟರ್ ಗೋಡೆ ಎದ್ದಿತು. ಅಂದರೆ ಒಟ್ಟು 2,160 ಗಂಟೆ ದುಡಿಮೆ, ಒಂದು ಘನ ಮೀಟರ್‌ಗೆ 18 ಗಂಟೆ. ನನ್ನ ಜನ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದಕ್ಕೆ ಆ ಅಂಕಿಗಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಮೊದಲ ಮಹಡಿಗೆ ಬರುವಷ್ಟರಲ್ಲಿ ಮಾರ್ಚ್. ಆಗ ಶುರುವಾಯಿತು ನೋಡಿ. ಬೇರೆ ಏಜೆನ್ಸಿಯವರು ಬಂದು ಗೇಟಿನ ಮುಂದೆ ಪೈಪ್‌ಲೈನ್‌ಗೆ ಗುಂಡಿ ತೆಗೆದರು. ಮೂರು ವಾರ ಮುಚ್ಚಲಿಲ್ಲ. ಮೆಟ್ಟಿಲ ಬುಡದವರೆಗೆ ಬರುತ್ತಿದ್ದ ಇಟ್ಟಿಗೆ ಲಾರಿ ಹೊರಗಿನ ರಸ್ತೆಯಲ್ಲೇ ನಿಂತಿತು. ಅಲ್ಲಿಂದ ಮೆಟ್ಟಿಲಿಗೆ 80 ಮೀಟರ್. ಅದರ ಜೊತೆಗೆ ಶೌಚಾಲಯದ ಕಡೆ ಆರು ವರಸೆ ಗೋಡೆ ಎದ್ದ ಮೇಲೆ ಕಿಟಕಿ ಜಾಗ ಬದಲಾಗಿದೆ ಅಂದರು. ಒಡೆದೆವು. ಹೊಸ ನಕ್ಷೆ ಬರಲು ನಾಲ್ಕು ದಿನ. ಸುಮ್ನೆ ಕೂರಬಾರದು ಅಂತ ಜನರನ್ನು ಇನ್ನೊಂದು ಮೂಲೆಗೆ ಕಳಿಸಿದೆ. ಅಲ್ಲಿ ಅರ್ಧ ಗೋಡೆ ಎದ್ದಾಗ ಎಲೆಕ್ಟ್ರಿಕಲ್ ಬಾಕ್ಸ್ ಎಲ್ಲಿ ಬರುತ್ತದೆ ಅಂತ ತೀರ್ಮಾನ ಆಗಿಲ್ಲ, ನಿಲ್ಲಿಸಿ ಅಂದರು. ಮತ್ತೆ ಮೊದಲಿನ ಮೂಲೆಗೆ ಬಂದೆವು. ಸಾರವೆ ಬಿಚ್ಚುವುದು, ಕಟ್ಟುವುದು, ಕಲಸಿದ ಗಾರೆ ಹೊತ್ತು ಓಡುವುದು, ಇದೇ ಆಯಿತು.

ಒಂದು ದಿನ ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ಮೆಟ್ಟಿಲ ಹತ್ತಿರ ನಿಂತೆ. ಜಗಳೂರು ಕಡೆಯಿಂದ ಬರುವ ಒಬ್ಬ ಹೆಣ್ಣುಮಗಳು ತಲೆ ಮೇಲೆ 8 ಇಟ್ಟಿಗೆ ಹೊತ್ತು ರಸ್ತೆಯಿಂದ ಬಂದಳು. ಗುಂಡಿಗೆ ಹಾಕಿದ್ದ ಹಲಗೆ ದಾಟಿ, ಮೆಟ್ಟಿಲು ಹತ್ತಿ, ಇಳಿಸಿ, ವಾಪಸ್ ಹೋದಳು. ಒಂದು ಸುತ್ತಿಗೆ 8 ನಿಮಿಷ. ಲಾರಿ ಒಳಗೆ ಬರುತ್ತಿದ್ದಾಗ ಅದೇ ಸುತ್ತು 3 ನಿಮಿಷದಲ್ಲಿ ಮುಗಿಯುತ್ತಿತ್ತು. ಹಲಗೆ ಒಂದೇ ಇದ್ದಿದ್ದರಿಂದ ಎದುರಿಗೆ ಯಾರಾದರೂ ಬಂದರೆ ನಿಲ್ಲಬೇಕು. ಹತ್ತು ಸುತ್ತು ಬರೆದುಕೊಂಡೆ. ಮೇಲೆ ಗಾರೆಯವರು ಕರಣೆ ಕೈಯಲ್ಲಿ ಹಿಡಿದು ಇಟ್ಟಿಗೆಗೆ ಕಾಯುತ್ತಿದ್ದರು. ಆಕೆ ನನ್ನ ಕೈಯಲ್ಲಿದ್ದ ಫೋನ್ ನೋಡಿ ಹೇಳಿದಳು: "ನಾವೇನು ಕುಂತಿಲ್ಲ ನೋಡಣ್ಣಾ. ನಡೆದೂ ನಡೆದೂ ಕಾಲು ಬಿದ್ದೋದ್ವು. ಗೋಡೆ ಮಾತ್ರ ಏಳವಲ್ದು."

ಮಾನ್ಯರೇ, ನನ್ನ ಇಡೀ ದೂರು ಆ ಮಾತಿನಲ್ಲಿದೆ. ಕೆಲಸ ನಿಂತಿರಲಿಲ್ಲ, ಕುಂಟುತ್ತಿತ್ತು. ನಿಮ್ಮ ಹಿಂಡ್ರೆನ್ಸ್ ರಿಜಿಸ್ಟರ್‌ನಲ್ಲಿ, ಅಂದರೆ ಅಡ್ಡಿಗಳನ್ನು ಬರೆದಿಡುವ ವಹಿಯಲ್ಲಿ, ಕೆಲಸ ನಿಂತಿದ್ದಕ್ಕೆ ಕಾಲಂ ಇದೆ. ಎಂದಿನಿಂದ ಎಂದಿನವರೆಗೆ, ಎಷ್ಟು ದಿನ, ಕಾರಣ ಏನು ಅಂತ ಬರೆಯುತ್ತೀರಿ. ಕುಂಟಿದ್ದಕ್ಕೆ ಜಾಗ ಇಲ್ಲ. ಹೀಗೆ ಕುಂಟಿದ ಐದು ವಾರದಲ್ಲಿ ರಿಜಿಸ್ಟರ್‌ಗೆ ಏರಿದ್ದು ನಕ್ಷೆಗೆ ಕಾದ ನಾಲ್ಕು ದಿನ ಮಾತ್ರ.

ಕೆಲಸ ಮುಗಿದ ಮೇಲೆ ದೊಡ್ಡ ಗುತ್ತಿಗೆದಾರರು ಕ್ಲೇಮ್ ಹಾಕಿದರು. ಇಲ್ಲಿ ನಮ್ಮವರ ತಪ್ಪನ್ನೂ ಹೇಳಿಬಿಡುತ್ತೇನೆ. ಅವರು ಟೆಂಡರ್ ಹಾಕುವಾಗ ಒಂದು ಘನ ಮೀಟರ್‌ಗೆ 14 ಗಂಟೆ ಅಂತ ಹಿಡಿದಿದ್ದರಂತೆ. ಟೆಂಡರ್ ಸಿಗಲಿ ಅಂತ ಕಮ್ಮಿ ಹಿಡಿದದ್ದು. ಆ ಐದು ವಾರದಲ್ಲಿ ಮೊದಲ ಮಹಡಿಯಲ್ಲಿ ಎದ್ದ ಗೋಡೆ 114 ಘನ ಮೀಟರ್, ಹಾಜರಿಯಲ್ಲಿರುವ ದುಡಿಮೆ 3,420 ಗಂಟೆ. 14ರ ಲೆಕ್ಕದಲ್ಲಿ 1,596 ಗಂಟೆ ಸಾಕಿತ್ತು, ಉಳಿದ 1,824 ಗಂಟೆ ನಷ್ಟ, ಅದನ್ನೆಲ್ಲ ಇಲಾಖೆ ಕೊಡಬೇಕು ಅಂತ ಬರೆದರು. ಇದು ಸರಿಯಲ್ಲ. ಯಾವ ಅಡ್ಡಿಯೂ ಇಲ್ಲದ ಡಿಸೆಂಬರ್‌ನಲ್ಲೇ ನಮಗೆ 14ಕ್ಕೆ ಆಗಿರಲಿಲ್ಲ. ಟೆಂಡರ್‌ನಲ್ಲಿ ತಪ್ಪು ಹಿಡಿದದ್ದನ್ನೂ ಸರ್ಕಾರದ ತಲೆಗೆ ಕಟ್ಟಿದ ಹಾಗಾಯಿತು.

ಇಲಾಖೆಯಿಂದ ಬಂದ ಉತ್ತರ ಎರಡೇ ಸಾಲು. 30 ದಿನ ಕಾಲಾವಕಾಶ ವಿಸ್ತರಿಸಿದೆ, ಆರ್ಥಿಕ ಹೊರೆ ಇಲ್ಲದಂತೆ. ಗುತ್ತಿಗೆದಾರರ ಜೊತೆ ನಾನೂ ಹೋಗಿ ಕೇಳಿದೆ. ಅಲ್ಲಿದ್ದ ಎಂಜಿನಿಯರ್ ಸಾಹೇಬರು ಒಳ್ಳೆಯವರೇ. ಟೀ ತರಿಸಿದರು. "ಕೆಲಸ ನಿಂತೇ ಇಲ್ವಲ್ಲ, ನಿಮ್ಮ ಜನ ದಿನಾ ಸೈಟ್‌ನಲ್ಲೇ ಇದ್ರು, ಎಂ.ಬಿ.ಯಲ್ಲಿ ಗೋಡೆ ಅಳತೆನೂ ಇದೆ. ನಷ್ಟ ಎಲ್ಲಿಂದ ಬಂತು?" ಅಂದರು. ಅವರ ಕಡೆಯಿಂದ ನೋಡಿದರೆ ಆ ಪ್ರಶ್ನೆ ತಪ್ಪಲ್ಲ. ಅವರ ಕೈಯಲ್ಲಿದ್ದ ಕಾಗದಗಳಲ್ಲಿ ನಷ್ಟ ಕಾಣುವುದೇ ಇಲ್ಲ. ಎಂ.ಬಿ. ಅಂದರೆ ಇಲಾಖೆಯ ಅಳತೆ ಪುಸ್ತಕ, ಅದರಲ್ಲಿ ಗೋಡೆ ಇದೆ, ಅದಕ್ಕೆ ಎಷ್ಟು ಕೈ ಬಿತ್ತು ಅಂತ ಇಲ್ಲ. ಹಾಜರಿ ಪುಸ್ತಕದಲ್ಲಿ ಕೈಗಳಿವೆ, ಅವು ಯಾವ ಗೋಡೆ ಕಟ್ಟಿದವು ಅಂತ ಇಲ್ಲ. ಈ ಎರಡನ್ನೂ ಒಂದೇ ಪುಟದಲ್ಲಿ ಇಟ್ಟವರು ಯಾರೂ ಇಲ್ಲ.

ನಾನು ಇಟ್ಟಿದ್ದೇನೆ. ಮೇಸ್ತ್ರಿಯಾಗಿದ್ದ ಕಾಲದಿಂದ ಬಂದ ಅಭ್ಯಾಸ ಅದು. 200 ಪುಟದ ಉದ್ದನೆ ಪುಸ್ತಕ, ಸಿಮೆಂಟ್ ಚೀಲದ ಪ್ಲಾಸ್ಟಿಕ್‌ನಿಂದ ರಟ್ಟು ಹಾಕಿದ್ದೇನೆ. ದಿನಕ್ಕೆ ಒಂದು ಪುಟ. ಯಾರು ಬಂದರು, ಎಷ್ಟು ಗಂಟೆ, ಯಾವ ರೂಮು, ಯಾವ ಗೋಡೆ, ಸಂಜೆ ಟೇಪ್ ಹಿಡಿದಾಗ ಎಷ್ಟು ಎದ್ದಿತು, ಏನು ಅಡ್ಡ ಬಂತು. ಇಷ್ಟೇ. ಬರೆಯಲು ಹತ್ತು ನಿಮಿಷ ಸಾಕು.

ನನ್ನ ಮಗಳು ಸಿವಿಲ್ ಎಂಜಿನಿಯರಿಂಗ್ ಓದಿದ್ದಾಳೆ. ಅವಳು ಆ ಪುಸ್ತಕ ತಿರುವಿ ಹಾಕಿ, "ಅಪ್ಪಾಜಿ, ಇದನ್ನೇ ನಮಗೆ ಮೆಷರ್ಡ್ ಮೈಲ್ ಅಂತ ಹೇಳಿಕೊಟ್ಟಿದ್ದು" ಅಂದಳು. ಅಳೆದ ಮೈಲಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್ ಅಲ್ವಾ, ಅದರಲ್ಲಿ ಸ್ವಲ್ಪ ದೂರ ರಸ್ತೆ ಅಗೆದಿದ್ದಾರೆ ಅಂತ ಇಟ್ಟುಕೊಳ್ಳಿ. ಅಗೆತದಿಂದ ಬಸ್ಸು ಎಷ್ಟು ತಡವಾಯಿತು ಅಂತ ತಿಳಿಯಲು ಬಸ್ ಕಂಪನಿಯ ಕೈಪಿಡಿ ನೋಡಬೇಕಾಗಿಲ್ಲ. ಅದೇ ಬಸ್ಸು, ಅದೇ ಡ್ರೈವರು, ಅದೇ ದಿನ, ಚೆನ್ನಾಗಿದ್ದ ರಸ್ತೆಯಲ್ಲಿ ಒಂದು ಮೈಲಿಗೆ ಎಷ್ಟು ಹೊತ್ತು ತೆಗೆದುಕೊಂಡಿತು, ಅಗೆದ ರಸ್ತೆಯಲ್ಲಿ ಎಷ್ಟು ಅಂತ ನೋಡಿದರೆ ಸಾಕು. ಹಾಗೆಯೇ ಅದೇ ಸೈಟು, ಅದೇ ಜನ, ಅದೇ ತರಹದ ಗೋಡೆ. ಅಡ್ಡಿ ಇಲ್ಲದ ದಿನಗಳ ಲೆಕ್ಕದಿಂದ ಅಡ್ಡಿ ಇದ್ದ ದಿನಗಳನ್ನು ಅಳೆಯುವುದು.

ಇಂಗ್ಲೆಂಡಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಇಂಥ ತಕರಾರುಗಳಿಗೆ 2002ರಲ್ಲಿ ಒಂದು ಪ್ರೊಟೊಕಾಲ್ ತಂದು 2017ರಲ್ಲಿ ಪರಿಷ್ಕರಿಸಿದೆ. ಕೆಲಸ ತಡವಾಗುವುದು ಬೇರೆ, ಕೆಲಸ ಕುಂಟುವುದು ಬೇರೆ, ಎರಡಕ್ಕೂ ಬೇರೆ ಬೇರೆ ಲೆಕ್ಕ ಬೇಕು ಅಂತ ಅದರಲ್ಲಿದೆ. ಅಮೆರಿಕದಲ್ಲಿ ವೆಚ್ಚದ ಲೆಕ್ಕ ನೋಡುವ ಎಂಜಿನಿಯರ್‌ಗಳ ಎಎಸಿಇ ಸಂಸ್ಥೆಯ 25ಆರ್-03 ಅನ್ನುವ ಮಾರ್ಗಸೂಚಿಯಲ್ಲೂ ದುಡಿಮೆ ನಷ್ಟ ಅಳೆಯಲು ಮೊದಲ ಆಯ್ಕೆ ಈ ಅಳೆದ ಮೈಲಿಯ ವಿಧಾನವೇ. ಗುತ್ತಿಗೆದಾರರು ಬರೆದ ಹಾಗೆ ಆದ ಖರ್ಚಿನಿಂದ ಟೆಂಡರ್ ಖರ್ಚು ಕಳೆದು ಎಲ್ಲ ಕೊಡಿ ಅನ್ನುವ ಲೆಕ್ಕವನ್ನು ಅಲ್ಲೂ ಕಡೆಗೆ ಇಡುತ್ತಾರೆ. ನಮ್ಮಲ್ಲಿ ಐಎಸ್ 7272 ಇದೆ, ಒಂದೊಂದು ಕೆಲಸಕ್ಕೆ ಎಷ್ಟು ಆಳು ಬೇಕು ಅಂತ ಹೇಳುವ ಮಾನಕ. ಅದರ ಮೊದಲ ಭಾಗ 1974ರದ್ದು, ಉತ್ತರ ವಲಯಕ್ಕೆ ಮಾಡಿದ್ದು. ಎಸ್.ಆರ್. ಅಂದರೆ ಸರ್ಕಾರಿ ದರಪಟ್ಟಿಯ ದರ ಕಟ್ಟಲು ಇಂಥ ಅಂಕಿಗಳು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಪುಸ್ತಕದ ಆಳು ಬೇರೆ, ಏಪ್ರಿಲ್ ಬಿಸಿಲಲ್ಲಿ ಹಲಗೆ ಮೇಲೆ ಇಟ್ಟಿಗೆ ಹೊತ್ತ ಆಳು ಬೇರೆ.

ಮಗಳು ಕೂತು ನನ್ನ ಪುಸ್ತಕದಿಂದ ಲೆಕ್ಕ ತೆಗೆದಳು. ನಾನು ಮೊದಲು 18 ಗಂಟೆ ಹಿಡಿ ಅಂದೆ. ಅವಳು ಒಪ್ಪಲಿಲ್ಲ. ಅದು ನೆಲಮಹಡಿ, ಚಳಿಗಾಲ. ಮೇಲಿನ ಮಹಡಿಗೆ ಹೊರುವುದು ಜಾಸ್ತಿ, ಬಿಸಿಲೂ ಜಾಸ್ತಿ, ಹೋಲಿಸಿದರೆ ನಿಮಗೆ ಲಾಭ ಆಗುತ್ತದೆ, ಅದು ಮೋಸ ಅಂದಳು. ಗುಂಡಿ ಮುಚ್ಚಿ, ನಕ್ಷೆ ಎಲ್ಲ ತೀರ್ಮಾನ ಆದ ಮೇಲೆ ಅದೇ ಮೊದಲ ಮಹಡಿಯಲ್ಲಿ, ಅದೇ ಬೇಸಿಗೆಯಲ್ಲಿ ಕೊನೆಯ 6 ದಿನ ಕೆಲಸ ಸರಾಗ ನಡೆದಿತ್ತು. 720 ಗಂಟೆ, 36 ಘನ ಮೀಟರ್. ಅಂದರೆ ಘನ ಮೀಟರ್‌ಗೆ 20 ಗಂಟೆ. 6 ದಿನ ಸಣ್ಣ ಅವಧಿಯೇ, ಆದರೂ ಒಂದಕ್ಕೊಂದು ಅಂಟಿದ 6 ದಿನ. ಚೆನ್ನಾಗಿದ್ದ ದಿನಗಳನ್ನೇ ಅಲ್ಲೊಂದು ಇಲ್ಲೊಂದು ಆರಿಸಿದ್ದಲ್ಲ. ಅದನ್ನೇ ಹಿಡಿದೆವು.

ಹಾಗಾದರೆ 114 ಘನ ಮೀಟರ್‌ಗೆ 2,280 ಗಂಟೆ ಸಾಕಿತ್ತು. ಆಗಿದ್ದು 3,420. ಹೆಚ್ಚಾಗಿದ್ದು 1,140 ಗಂಟೆ. ಇದೆಲ್ಲ ಇಲಾಖೆಯದ್ದಾ? ಅಲ್ಲ. ಎರಡು ದಿನ ಗುತ್ತಿಗೆದಾರರ ಇಟ್ಟಿಗೆ ಲಾರಿಯೇ ಬಂದಿರಲಿಲ್ಲ, 240 ಗಂಟೆ ಅವರ ಲೆಕ್ಕಕ್ಕೆ. ನಮ್ಮವರೇ ಕಟ್ಟಿದ ಒಂದು ಗೋಡೆ ತೂಕದ ಗುಂಡು ಹಿಡಿದಾಗ ನೆಟ್ಟಗಿರಲಿಲ್ಲ, ಒಡೆದು ಕಟ್ಟಿದೆವು, 60 ಗಂಟೆ ನನ್ನ ಲೆಕ್ಕಕ್ಕೆ. ಒಂದು ದಿನ ಅಡ್ಡಮಳೆ ಸುರಿಯಿತು, 120 ಗಂಟೆ, ಅದಕ್ಕೆ ಯಾರೂ ಹೊಣೆಯಲ್ಲ. ಉಗಾದಿಗೆ ಊರಿಗೆ ಹೋದವರ ಗಂಟೆ ಮೊದಲೇ ಹಾಜರಿಯಲ್ಲಿ ಇಲ್ಲ. ಎಲ್ಲ ಕಳೆದ ಮೇಲೆ ಉಳಿದದ್ದು 720 ಗಂಟೆ. 90 ಆಳಿನ ದಿನಗೂಲಿ.

ಕೇಳಿದ್ದು 1,824 ಗಂಟೆ. ಕೊಟ್ಟದ್ದು ಸೊನ್ನೆ. ನ್ಯಾಯವಾಗಿ ಬರಬೇಕಿದ್ದದ್ದು 720. ನನ್ನ ಜನಕ್ಕೆ ಸರಾಸರಿ 720 ರೂಪಾಯಿ ಕೂಲಿ. ಆಕಸ್ಮಿಕವಾಗಿ ಎರಡೂ ಅಂಕಿ ಒಂದೇ. 90 ದಿನಕ್ಕೆ 64,800 ರೂಪಾಯಿ ಆಯಿತು. ನಿಮ್ಮ ಕಚೇರಿಯ ಬಿಲ್ಲುಗಳ ನಡುವೆ ಅದು ದೊಡ್ಡ ಮೊತ್ತ ಅಲ್ಲ. ನನಗೆ ದೊಡ್ಡದು. ಗುತ್ತಿಗೆದಾರರು "ನನಗೇ ಬಂದಿಲ್ಲ, ನಿನಗೆ ಎಲ್ಲಿಂದ ಕೊಡಲಿ" ಅಂದರು. ನಾನು ಸಂಘದಲ್ಲಿ ಸಾಲ ಮಾಡಿ ಬಟವಾಡೆ ಮಾಡಿದೆ. ಒಂದು ಶನಿವಾರ ಪೂರ್ತಿ ಕೊಡಲು ಆಗದೆ ಆಳುಗಳಿಗೆ ಅರ್ಧ ಕೂಲಿ ಕೊಟ್ಟು ಕಳಿಸಿದೆ. ಇಟ್ಟಿಗೆ ಹೊತ್ತು ಕಾಲು ಬಿದ್ದೋದ್ವು ಅಂದ ಆಕೆ ಮುಂದಿನ ಸೋಮವಾರ ಕೆಲಸಕ್ಕೆ ಬರಲಿಲ್ಲ. ಆಕೆಯ ಉಳಿದ ಅರ್ಧವನ್ನು ತಿಂಗಳಾದ ಮೇಲೆ ಊರಿಗೇ ಹೋಗಿ ಕೊಟ್ಟು ಬಂದೆ.

ಈಗ ಕಾನೂನಿನ ಮಾತು. ನಾನು ವಕೀಲ ಅಲ್ಲ, ಆದರೆ ಕೆಲಸಕ್ಕೆ ಬೇಕಾದಷ್ಟು ಕೇಳಿ ತಿಳಿದಿದ್ದೇನೆ. 1872ರ ಕರಾರು ಕಾಯ್ದೆಯ 73ನೇ ಕಲಂ, ಒಬ್ಬರು ಕರಾರು ಮುರಿದು ಇನ್ನೊಬ್ಬರಿಗೆ ನಷ್ಟವಾದರೆ ಪರಿಹಾರ ಕೊಡಬೇಕು ಅನ್ನುತ್ತದೆ. ನಷ್ಟವಾದವನು ತನ್ನ ಕೈಲಾದಷ್ಟು ಅದನ್ನು ತಗ್ಗಿಸಲು ನೋಡಿದನಾ ಅಂತಲೂ ಅದೇ ಕಲಂ ಕೇಳುತ್ತದೆ. ನಾನು ಜನರನ್ನು ಮೂಲೆಯಿಂದ ಮೂಲೆಗೆ ಓಡಿಸಿದ್ದು ಅದಕ್ಕೇ. ಆದರೆ ಹಾಗೆ ಓಡಿಸಿದ್ದರಿಂದಲೇ, ಆ ನಾಲ್ಕು ದಿನ ಬಿಟ್ಟರೆ, ರಿಜಿಸ್ಟರ್‌ನಲ್ಲಿ ಕೆಲಸ ನಿಲ್ಲಲಿಲ್ಲ ಅಂತ ಆಯಿತು. ಸುಮ್ನೆ ಎಲ್ಲರನ್ನೂ ನೆರಳಲ್ಲಿ ಕೂರಿಸಿದ್ದರೆ ನನಗೆ ಜಾಸ್ತಿ ದಿನ ಸಿಗುತ್ತಿತ್ತು. ಪ್ರಾಮಾಣಿಕವಾಗಿ ದುಡಿದವನಿಗೆ ಹೀಗಾದರೆ ಮುಂದಿನ ಸಲ ಅವನು ಏನು ಮಾಡಬೇಕು, ನೀವೇ ಹೇಳಿ.

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಯೂನಿಬ್ರೋಸ್ ಪ್ರಕರಣದಲ್ಲಿ, ತಡವಾದ ಕೆಲಸದಿಂದ ಲಾಭ ತಪ್ಪಿತು ಅಂತ ಕೇಳುವ ಗುತ್ತಿಗೆದಾರ ಬರೀ ಹಡ್ಸನ್ ಸೂತ್ರ (ತಪ್ಪಿದ ಲಾಭವನ್ನು ಟೆಂಡರ್‌ನ ಶೇಕಡಾವಾರಿನಿಂದ ಕಟ್ಟುವ ಲೆಕ್ಕ) ಹಾಕಿ ತೋರಿಸಿದರೆ ಸಾಲದು, ನಂಬುವಂಥ ಪುರಾವೆ ಕೊಡಬೇಕು ಅಂದಿದೆ. ಅದು ಲಾಭದ ವಿಷಯ, ದುಡಿಮೆಯದ್ದಲ್ಲ, ಗೊತ್ತು. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅದರಿಂದ ತಿಳಿಯುತ್ತದೆ. ಪುರಾವೆ ಬೇಕು ಅಂತ ನೀವು ಕೇಳುವುದು ಸರಿ. ಹಾಗಾದರೆ ಪುರಾವೆ ಹುಟ್ಟುವ ಜಾಗದಲ್ಲಿ, ಅಂದರೆ ಸೈಟ್‌ನಲ್ಲಿ, ಅದನ್ನು ಬರೆದಿಡಲು ನೀವೂ ಕೈ ಜೋಡಿಸಬೇಕು. ನಮ್ಮಿಂದ ತಡವಾದರೆ ದಂಡವನ್ನು ದಿನದ ಲೆಕ್ಕದಲ್ಲಿ, ಪೈಸೆ ಬಿಡದೆ ಹಾಕುತ್ತೀರಿ. ಅದಕ್ಕೆ ಬರುವ ಲೆಕ್ಕ ಇದಕ್ಕೂ ಬರಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ಸೈಟ್‌ನಲ್ಲಿ ಹಾಜರಿ ಮತ್ತು ಕೆಲಸ ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ದಿನವಹಿ ಇರಲಿ. ಶನಿವಾರ ನಿಮ್ಮ ಸಹಾಯಕ ಎಂಜಿನಿಯರ್ ಬಂದು ಆ ವಾರದ ಅಳತೆ ನೋಡಿ ಸಹಿ ಹಾಕಲಿ. ಒಂದು ಪ್ರತಿ ಇಲಾಖೆಗೆ, ಒಂದು ಗುತ್ತಿಗೆದಾರರಿಗೆ, ಒಂದು ಲೇಬರ್ ಗುತ್ತಿಗೆ ಮಾಡುವವನಿಗೆ. ತಕರಾರು ಇದ್ದರೆ ಅದೇ ಪುಟದಲ್ಲಿ ಬರೆಯಲಿ, ಸಹಿ ಮಾತ್ರ ತಪ್ಪಿಸಬಾರದು. ಎರಡು ವರ್ಷ ಆದ ಮೇಲೆ ಕಚೇರಿಯಲ್ಲಿ ಕೂತು ಜಗಳವಾಡುವುದಕ್ಕಿಂತ ಇದು ಸುಲಭ. ಹಿಂಡ್ರೆನ್ಸ್ ರಿಜಿಸ್ಟರ್‌ನಲ್ಲಿ ಕೆಲಸ ನಿಧಾನವಾದದ್ದಕ್ಕೂ ಒಂದು ಕಾಲಂ ಹಾಕಿ, ಯಾವ ಕೆಲಸ, ಎಷ್ಟು ಜನ, ಯಾವ ಕಾರಣ ಅಂತ.

ಸುಳ್ಳು ಬರೆದರೆ ಏನು ಗತಿ ಅಂತ ನೀವು ಕೇಳಬಹುದು. ಹಿಡಿಯುವುದು ಕಷ್ಟ ಅಲ್ಲ. ದಿನವಹಿಯ ಗೋಡೆಗಳನ್ನು ಕೂಡಿದರೆ ಎಂ.ಬಿ.ಗೆ ತಾಳೆ ಬರಬೇಕು. ಸೈಟ್‌ನಲ್ಲಿ ಸಿಮೆಂಟ್ ವಹಿ ಹೇಗೂ ಇದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಒಂದು ಘನ ಮೀಟರ್ ಇಟ್ಟಿಗೆ ಗೋಡೆಗೆ ಸುಮಾರು ಒಂದೂಕಾಲು ಚೀಲ ಸಿಮೆಂಟ್ ಹೋಗುತ್ತದೆ. 114 ಘನ ಮೀಟರ್‌ಗೆ 140 ಚೀಲದ ಆಸುಪಾಸು. ಅದಕ್ಕೆ ತಾಳೆಯಾಗದ ಪುಸ್ತಕವನ್ನು ತಿರಸ್ಕರಿಸಿ, ನಾನು ಬೇಡ ಅನ್ನುವುದಿಲ್ಲ. ದಿನವಹಿ ಇಲ್ಲದೆ ಬರುವ ಕ್ಲೇಮನ್ನೂ ತಿರಸ್ಕರಿಸಿ. ಗುತ್ತಿಗೆದಾರರು ಬಯ್ಯಬಹುದು, ಬಯ್ಯಲಿ. ಹಾಗೆಯೇ ದುಗ್ಗಮ್ಮನ ಜಾತ್ರೆಗೆ ಜನ ಹೋಗುತ್ತಾರೆ, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರುವ ವಿಷಯಕ್ಕೆ ಯಾರಾದರೂ ಹಣ ಕೇಳಿದರೆ ಅದನ್ನೂ ತೆಗೆದುಹಾಕಿ.

ಇನ್ನೊಂದು ಮುಖ್ಯವಾದದ್ದು. ಕಾಲಾವಕಾಶ ವಿಸ್ತರಿಸುವ ಆದೇಶದಲ್ಲಿ ಆರ್ಥಿಕ ಹೊರೆ ಇಲ್ಲದಂತೆ ಅನ್ನುವ ಸಾಲು ಅಚ್ಚು ಹಾಕಿದ ಹಾಗೆ ಬರುತ್ತದೆ. ದಯವಿಟ್ಟು ಆ ಸಾಲಿಗೆ ಕಾರಣ ಬರೆಯಿರಿ. ಅಡ್ಡಿ ನಿಮ್ಮ ಕಡೆಯದು ಅಂತ ಒಪ್ಪಿ ದಿನ ಕೊಟ್ಟ ಮೇಲೆ, ಆ ದಿನಗಳಲ್ಲಿ ದುಡಿದವರ ಕೂಲಿ ಯಾರು ಕೊಡಬೇಕು ಅನ್ನುವ ಪ್ರಶ್ನೆಯನ್ನೂ ಅದೇ ಕಡತದಲ್ಲಿ ತೀರ್ಮಾನಿಸಿ. ಕೊಡುವುದಿಲ್ಲ ಅಂತಲೇ ತೀರ್ಮಾನವಾದರೂ ಸರಿ, ಲೆಕ್ಕ ನೋಡಿ ಹೇಳಿ. ದುಡಿಮೆಯ ನಷ್ಟಕ್ಕೆ ಅಂತ ಹಣ ಕೊಟ್ಟಾಗ ಅದು ದುಡಿದವರಿಗೆ ತಲುಪಿತಾ ಅಂತ ಬಟವಾಡೆ ಪುಸ್ತಕ ತರಿಸಿ ನೋಡಿ.

ನಮ್ಮ ಎರಡು ಜಿಲ್ಲೆಗಳಲ್ಲಿ ಭದ್ರಾ ಮೇಲ್ದಂಡೆ ಕೆಲಸ ನಡೆಯುತ್ತಿದೆ, ತುಮಕೂರು–ದಾವಣಗೆರೆ ರೈಲು ಮಾರ್ಗ ಬರುತ್ತಿದೆ. ಅಂಥ ದೊಡ್ಡ ಕೆಲಸಗಳಿಗೆ ಲೆಕ್ಕ ಹಾಕಲು ದೊಡ್ಡ ಜನ ಇರುತ್ತಾರೆ. ಶಾಲೆ ಕೊಠಡಿ, ಹಾಸ್ಟೆಲ್, ಆಸ್ಪತ್ರೆ ಕಟ್ಟಡ ಕಟ್ಟುವ ನಮ್ಮಂಥವರಿಗೆ ನೀವೇ ಮಾಡಿಕೊಡಬೇಕು. ಈ ವರ್ಷ ಪ್ರತಿ ವಿಭಾಗದಲ್ಲಿ ಒಂದೇ ಒಂದು ಕಾಮಗಾರಿಯಲ್ಲಿ ಈ ದಿನವಹಿ ಶುರು ಮಾಡಿ ನೋಡಿ. ಖರ್ಚು ಒಂದು ಪುಸ್ತಕ, ಒಂದು ಪೆನ್ನು, ವಾರಕ್ಕೆ ಅರ್ಧ ಗಂಟೆ.

ನನ್ನ ಹತ್ತಿರ ಆ ಕಟ್ಟಡದ ಮೂರು ಪುಸ್ತಕ ಇವೆ. ಯಾವ ಕಚೇರಿಗೆ ಕರೆದರೂ ತರುತ್ತೇನೆ. ಕೆಲವು ಪುಟಗಳಿಗೆ ಗಾರೆ ಅಂಟಿದೆ, ಅಂಕಿಗಳು ಓದಲು ಬರುತ್ತವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಲೇಬರ್ ಗುತ್ತಿಗೆದಾರ
ದಾವಣಗೆರೆ